ಅಕ್ಕೋರು ತಿನ್ನಿಸಿದ ಕೋಬಿ

ಮೊನ್ನೆ ಬೆಳಿಗ್ಗೆ ಹತ್ತರ ಸುಮಾರಿಗೆ ಮೇಲಿನ ಮನೆಯಿಂದ ಕೋಬಿ, ಅದೇ ಎಲೆಕೋಸು, ಬೇಯುವ ವಾಸನೆ ಬಂತು. ಒಗ್ಗರಣೆ ಹಾಕಿದ ಕೋಬಿಯಾದರೆ ನಾನು ಹೇಗೋ ಸಹಿಸಿಕೊಳ್ಳುತ್ತೇನೆ. ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸಿನಕಾಯಿ ಅದರ ಮಾನ ಕಾಯುತ್ತವೆ. ಇದು ಹಾಗಲ್ಲ, ಉಪ್ಪಿಲ್ಲದೆ ಖಾರವಿಲ್ಲದೆ ಬರೀ ನೀರಿನಲ್ಲಿ ಕುದಿಯುವ ಕೋಬಿ. ಮೂಗಿಗೆ ಬಿದ್ದದ್ದೇ ತಡ, ಜೋಳ ಹಸನು ಮಾಡುತ್ತಿದ್ದವಳು ಮೊರವನ್ನು ಅಲ್ಲೇ ಬಿಟ್ಟು, ಈ ಮೊಣಕಾಲು ನೋವಿನಲ್ಲೂ ಮೆಟ್ಟಿಲು ಹತ್ತಿ ಹೋದೆ.

ಸೇಡಂನ ಈ ಮನೆಯ ಮೇಲಿನ ಎರಡು ಕೋಣೆಗಳನ್ನು ಗಂಡ ಹೆಂಡತಿ ಇಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ಅವನಿಗೆ ಮಳಖೇಡದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ. ಅವಳಿಗೆ ಇನ್ನೂ ಇಪ್ಪತ್ಮೂರು ವರ್ಷ. ಎರಡು ತಿಂಗಳಿಗೊಮ್ಮೆ ಮುಟ್ಟಾಗುವುದು, ಆಯಿತೆಂದರೆ ನಿಲ್ಲದೇ ಇರುವುದು, ಇದೇ ಅವಳ ತೊಂದರೆ. ಪಾತ್ರೆಯ ಮುಂದೆ ನಿಂತಿದ್ದಳು.

"ಇದೇನವ್ವಾ ಇದು?" ಎಂದೆ.

"ಅಂಡಾಶಯಕ್ಕ ಭಾಳ ಚಲೋ ಅಂತ್ರಿ ಅಜ್ಜಿ. ಕೋಬಿ, ಫೂಲಗೋಬಿ, ಮೂಲಂಗಿ, ಸಾಸಿವಿ ಸೊಪ್ಪು, ಎಲ್ಲಾ ಒಂದೇ ಜಾತೀವು ಅಂತ. ದಿನಾ ತಿಂದ್ರ ಎಲ್ಲಾ ಸರಿ ಆಗ್ತದಂತ ಫೋನಿನಾಗ ಬಂದದ."

ಅಂಡಾಶಯ. ಆ ಶಬ್ದವನ್ನು ನಾನು ಮೊದಲ ಸಲ ಕೇಳಿದ್ದು ಐವತ್ತು ವರ್ಷಗಳ ಹಿಂದೆ, ಒಬ್ಬ ಹೆಂಗಸಿನ ಬಾಯಿಂದ. ಅವಳನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುವವರಿದ್ದರೆ ಇಲ್ಲಿಗೇ ನಿಲ್ಲಿಸಿ ಎದ್ದು ಹೋಗಬಹುದು. ಆಗ ಬಾಯಿ ತುಂಬ 'ಅವರು' ಎನ್ನುತ್ತಿದ್ದೆ. ಈಗ 'ಅವಳು' ಎಂದೇ ಬರೆಯುತ್ತೇನೆ. ಅಷ್ಟಾದರೂ ನನ್ನ ಸಮಾಧಾನಕ್ಕೆ ಇರಲಿ.

ನಾನು ಚಿಂಚೋಳಿ ತಾಲೂಕಿನ ಕೊಡ್ಲಿಯವಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಡಿಸಿದ್ದರು. ಹದಿನೆಂಟಕ್ಕೆ ಮದುವೆಯಾಗಿ ವಾಡಿಗೆ ಬಂದೆ. ಗಂಡ ಅಲ್ಲಿನ ಲೋಕೋ ಶೆಡ್ಡಿನಲ್ಲಿ ಖಲಾಸಿ. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಮೈಯೆಲ್ಲ ಕಲ್ಲಿದ್ದಲ ಮಸಿ ಮಾಡಿಕೊಂಡು ಬಂದು, ತಲೆಗೆ ನೀರು ಹಾಕಿಕೊಂಡು, ಉಂಡು ಮಲಗಿದರೆ ಮುಗಿಯಿತು. ಅತ್ತೆ ಚಿತ್ತಾಪುರದಲ್ಲಿ ದೊಡ್ಡ ಮಗನ ಮನೆಯಲ್ಲಿದ್ದರು. ಆ ಓಣಿಯಲ್ಲಿ ನನಗೆ ಮಾತಿಗೆ ಸಿಕ್ಕವಳು ಎದುರು ಮನೆಯ ಅಕ್ಕೋರು ಒಬ್ಬಳೇ.

ಅವಳು ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸಲು ಧಾರವಾಡದ ಕಡೆಯಿಂದ ಬಂದವಳು. ನಿಜಾಮನ ಕಾಲದಲ್ಲಿ ಉರ್ದು ಓದಿದ ಊರು ನಮ್ಮದು, ಕನ್ನಡ ಕಲಿಸುವವರು ಹೊರಗಿನಿಂದಲೇ ಬರಬೇಕಾಗಿತ್ತು. ಮದುವೆಯಾಗಿರಲಿಲ್ಲ. ನಲವತ್ತರ ಸನಿಹದ ವಯಸ್ಸು, ಬಿಗಿಯಾದ ತುರುಬು, ಇಸ್ತ್ರಿ ಮಾಡಿದ ಸೀರೆ. ಟೀಚರ್ ಎಂದರೆ ತಿರುಗಿಯೂ ನೋಡುತ್ತಿರಲಿಲ್ಲ. ಅಕ್ಕೋರು ಅನ್ನಬೇಕು ಎಂದು ಓಣಿಗೆಲ್ಲ ಕಲಿಸಿದವಳು ಅವಳೇ. ಕಲಿತೆವು. ಮುದುಕರೂ ಅಂದರು, ಮಕ್ಕಳೂ ಅಂದರು, ಹಾಲು ಹಾಕುವ ಸಾಬಣ್ಣನೂ ಅಂದ.

ಅವಳಿಗೊಂದು ಚಟವಿತ್ತು, ತಿದ್ದುವ ಚಟ. ನಮ್ಮ ಬಾಯಲ್ಲಿ ಉರ್ದು ಶಬ್ದ ಬಂತೆಂದರೆ ಅವಳಿಗೆ ಅನ್ನದಲ್ಲಿ ಹರಳು ಸಿಕ್ಕ ಹಾಗಾಗುತ್ತಿತ್ತು. ಖಿಡಕಿ ಎಂದರೆ "ಕಿಟಕಿ" ಎನ್ನುತ್ತಿದ್ದಳು. ಜಲ್ದಿ ಎಂದರೆ "ಬೇಗ". ದವಾಖಾನಿ ಎಂದರೆ "ಆಸ್ಪತ್ರೆ". ಬಜಾರದಲ್ಲಿ ಎಲ್ಲರೂ ಪತ್ತಾಗೋಬಿ ಎನ್ನುವುದನ್ನು ಅವಳು ಕೋಬಿ ಎಂದು ತಿದ್ದಿದಳು, ಅದೇ ನನ್ನ ನಾಲಿಗೆಯ ಮೇಲೆ ಇವತ್ತಿಗೂ ಕುಳಿತಿದೆ. ಎದುರಿನವರ ಮಾತು ಮುಗಿಯುವ ಮೊದಲೇ ತಿದ್ದುತ್ತಿದ್ದಳು. ಮಗು ಸತ್ತ ಹೆಂಗಸು ಎದೆ ಬಡಿದುಕೊಳ್ಳುತ್ತ ಹೇಳುವ ಮಾತನ್ನೂ ಅವಳು ತಿದ್ದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೂ ನಾನು ಅವಳ ಹಿಂದೆ ಬಿದ್ದಿದ್ದೆ, ಸುಳ್ಳೇಕೆ ಹೇಳಲಿ. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನನ್ನನ್ನು ಕೂರಿಸಿಕೊಂಡು, ಮರೆತುಹೋದ ಒತ್ತಕ್ಷರಗಳನ್ನೆಲ್ಲ ಮತ್ತೆ ತೀಡಿಸಿದಳು. ಪತ್ರ ಬರೆಯಲು ಕಲಿಸಿದಳು. ನಾನು ಏನಾದರೂ ತಪ್ಪಾಗಿ ಓದಿದರೆ ಮೊದಲು ಅವಳು ನಗುತ್ತಿದ್ದಳು, ಆಮೇಲೆ ನಾನೂ. ಈಗ ಇದನ್ನು ಬರೆಯುತ್ತಿರುವುದೂ ಅವಳು ತಿದ್ದಿದ ಅಕ್ಷರದಲ್ಲಿಯೇ. ಅದಕ್ಕೂ ನನಗೆ ಸಿಟ್ಟಿದೆ.

ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಕಿಬ್ಬೊಟ್ಟೆಯಲ್ಲಿ ಎರಡೂ ಬದಿಗೆ ಸಣ್ಣಗೆ ನೋವು, ಮುಟ್ಟಿನ ಲೆಕ್ಕ ತಪ್ಪಿತ್ತು. ಗಂಡನಿಗೆ ಹೇಳಲು ನಾಚಿಕೆ, ಅತ್ತೆಗೆ ಹೇಳಲು ಹೆದರಿಕೆ. ಅಕ್ಕೋರಿಗೆ ಹೇಳಿದೆ. "ಶಹಾಬಾದಿಗೆ ಲೇಡಿ ಡಾಕ್ಟರು ಬಂದಾರ, ನಡಿ" ಎಂದಳು. ದೀಪಾವಳಿಯ ಮುಂಚೆ ಒಂದು ರವಿವಾರ ಪ್ಯಾಸೆಂಜರ್ ಗಾಡಿ ಹತ್ತಿ ಹೋದೆವು, ವಾಡಿಯಿಂದ ಶಹಾಬಾದು ಏನು ಮಹಾ ದೂರ!

ಆ ಡಾಕ್ಟರು ಮೈಸೂರಿನ ಕಡೆಯವರು. ರಾಜ್ಯಕ್ಕೆ ಆಗಷ್ಟೇ ಕರ್ನಾಟಕ ಎಂಬ ಹೆಸರು ಬಂದಿತ್ತು. ಹೆಸರು ಒಂದಾಗಿತ್ತು, ಕನ್ನಡ ಒಂದಾಗಿರಲಿಲ್ಲ. ಆ ಸಣ್ಣ ಕೋಣೆಯಲ್ಲಿ ಅವತ್ತು ಮೂರು ಕನ್ನಡಗಳಿದ್ದವು. ಡಾಕ್ಟರದು ಒಂದು, ಅಕ್ಕೋರದು ಒಂದು, ನನ್ನದು ಒಂದು. ನನ್ನದಕ್ಕೆ ಅಲ್ಲಿ ಬಾಯಿಯೇ ಇರಲಿಲ್ಲ. ಆಸ್ಪತ್ರೆಯ ಗೋಡೆಯ ಆಚೆಗೆ ಕಲ್ಲು ಕೊಯ್ಯುವ ಕಾರಖಾನೆ ಇತ್ತು. ಫರಸಿ ಕೊಯ್ಯುವ ಗರಗಸದ ಸದ್ದು ಕಿವಿಗೆ ಕಚ್ಚಿಕೊಂಡೇ ಇರುತ್ತಿತ್ತು.

ಡಾಕ್ಟರು ನನ್ನನ್ನು ಪರದೆಯ ಹಿಂದೆ ಮಲಗಿಸಿ ಕೈಯಿಂದ ಒತ್ತಿ ನೋಡಿದರು. ಆಮೇಲೆ ಹೊರಗೆ ಹೋಗಿ ಅಕ್ಕೋರ ಜೊತೆ ಮಾತಾಡಿದರು. ನಾನು ಪರದೆಯ ಹಿಂದೆ ಸೀರೆಯ ನಿರಿಗೆ ಹಿಡಿಯುತ್ತ ನಿಂತಿದ್ದೆ. ಮಾತು ನನ್ನ ಹೊಟ್ಟೆಯದು, ಹೇಳಿದ್ದು ಅವಳಿಗೆ.

ಡಾಕ್ಟರು ಅಂದದ್ದು ಏನು ಎಂಬುದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ, ಅವರ ಬಾಯಿಂದಲೇ. "ಅಂಡಾಶಯದಲ್ಲಿ ಎರಡೂ ಕಡೆ ಗಡ್ಡೆ ಇದೆ, ಇನ್ನೂ ಚಿಕ್ಕದು. ಗಡ್ಡೆ ತೆಗೆಸ್ಕೊಳ್ಳಿ, ತಡ ಮಾಡ್ಬೇಡಿ. ಅಲ್ಲೀವರೆಗೆ ಕೋಸು, ಮೂಲಂಗಿ, ಸೊಪ್ಪು ಚೆನ್ನಾಗಿ ತಿನ್ನಿ, ಮೈಯಲ್ಲಿ ರಕ್ತ ಇಲ್ಲ." ಇಷ್ಟೇ ಮಾತು. ಗರಗಸದ ಸದ್ದಿನಲ್ಲಿ ಅದು ಅಕ್ಕೋರ ಕಿವಿಗೆ ಬಿದ್ದದ್ದು ಹೀಗೆ: ಅಂಡಾಶಯಕ್ಕೆ ಗಡ್ಡೆಕೋಸು ತೆಗೆದ್ಕೊಳ್ಳಿ, ಮೂಲಂಗಿ, ಸೊಪ್ಪು ತಿನ್ನಿ. ತೆಗೆಸಿಕೊಳ್ಳಿ ಎಂಬುದು ತೆಗೆದುಕೊಳ್ಳಿ ಆಯಿತು. ನನ್ನ ಹೊಟ್ಟೆಯೊಳಗಿನ ಗಡ್ಡೆ ತರಕಾರಿಯ ಗಡ್ಡೆ ಆಯಿತು. ಒಂದು 'ಸಿ' ಹೋಗಿ 'ದು' ಬಂದದ್ದಕ್ಕೆ ನನ್ನ ಬದುಕು ಹೋಯಿತು.

ಗಾಡಿಯಲ್ಲಿ ಬರುವಾಗ ಅವಳು ನನಗೆ ಪಾಠ ಮಾಡಿದಳು. "ಅಂಡಾಶಯ ಅನ್ನು. ಅಂ-ಡಾ-ಶ-ಯ. ಗರ್ಭಕೋಶದ ಎರಡೂ ಮಗ್ಗಲಿಗೆ ಇರ್ತೈತಿ. ನಿನ್ನದು ಅಶಕ್ತ ಆಗೈತಿ. ಗಡ್ಡೆಕೋಸು ತಿನ್ನಾಕ ಹೇಳ್ಯಾರ."

"ಅಂದ್ರೇನ್ರಿ ಅಕ್ಕೋರ?"

"ಮೈಸೂರ ಕಡಿ ಕೋಬಿಗೆ ಹಂಗ ಅಂತಾರ. ಎಲಿ ಸುತ್ತಿ ಸುತ್ತಿ ಗಡ್ಡಿ ಆಗಿರ್ತೈತಲ್ಲ, ಅದಕ್ಕ."

ಅದೂ ತಪ್ಪು. ಗಡ್ಡೆಕೋಸು ಎಂದರೆ ನವಲಕೋಲು ಎಂಬ ಬೇರೆಯೇ ತರಕಾರಿ ಎಂದು ಆಮೇಲೆ ಯಾರೋ ಹೇಳಿದರು. ಕೇಳಿದ್ದೂ ತಪ್ಪು, ಕೇಳಿದ್ದಕ್ಕೆ ಹೇಳಿದ ಅರ್ಥವೂ ತಪ್ಪು. ಆದರೆ ಅವಳ ಮುಖದಲ್ಲಿ ಅನುಮಾನದ ಒಂದು ಗೆರೆಯೂ ಇರಲಿಲ್ಲ. ಡಾಕ್ಟರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಚೀಟಿಯೊಂದಿತ್ತು. ಏನು ಬರೆದಾರ್ರಿ ಎಂದು ಕೇಳಿದೆ. ಕಣ್ಣಾಡಿಸಿ, "ಇದನ್ನ ಬರದಾರ, ತರಕಾರಿ ತಿನ್ನಾಕ" ಎಂದು ಮಡಚಿ ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು. ಅವಳಿಗೆ ಇಂಗ್ಲಿಷ್ ಬರುತ್ತದೆ ಎಂದು ನಮ್ಮ ಓಣಿ ನಂಬಿತ್ತು. ಬರುವುದಿಲ್ಲ ಎಂದು ಹೇಳುವ ಬಾಯಿ ಅವಳಿಗಿರಲಿಲ್ಲ.

ನಾನಾದರೂ ಕೇಳಬಹುದಿತ್ತು. ಪರದೆ ಸರಿಸಿ, ನಂಗ ತಿಳೀಲಿಲ್ರಿ, ಇನ್ನೊಮ್ಮೆ ಹೇಳ್ರಿ ಎಂದು ಒಂದು ಮಾತು... ಕೇಳಲಿಲ್ಲ. ಹತ್ತೊಂಬತ್ತರ ಹುಡುಗಿ, ಸೆರಗನ್ನು ತಲೆಯ ಮೇಲಿಂದ ಇಳಿಸದೇ ನಿಂತಿದ್ದೆ. ಆ ಹುಡುಗಿಯ ಮೇಲೂ ನನಗೆ ಸಿಟ್ಟಿದೆ.

ಮರುದಿನದಿಂದ ಶುರುವಾಯಿತು. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಕೋಬಿ ಕುದಿಸಿದ ನೀರು ಒಂದು ಲೋಟ. ಅದರ ಹಿಂದೆಯೇ ಒಂದು ಗಂಗಾಳ ಬೇಯಿಸಿದ ಕೋಬಿ. ಮಧ್ಯಾಹ್ನ ಹಸಿ ಮೂಲಂಗಿ. ಸಂಜೆ ಸಾಸಿವೆ ಸೊಪ್ಪು. ಉಪ್ಪು ಬೇಡ, ಎಣ್ಣೆ ಬೇಡ, ಖಾರವಂತೂ ಮುಟ್ಟಲೇಬಾರದು. ಪುಂಡಿ ಪಲ್ಯ, ಖಾರದ ಹಿಂಡಿ, ಬಿಸಿ ರೊಟ್ಟಿ ತಿಂದು ಬೆಳೆದ ಬಾಯಿ ನನ್ನದು. ಉಪ್ಪು ಹಾಕಬೇಡ ಎಂದು ಡಾಕ್ಟರು ಎಲ್ಲಿ ಹೇಳಿದ್ದರು? ಅದು ಇವಳು ತನ್ನ ತಲೆಯಿಂದ ಸೇರಿಸಿದ್ದು. ತನ್ನ ಹಿತ್ತಲಲ್ಲಿ ಎರಡು ಮಡಿ ಕೋಬಿ ಹಾಕಿದಳು, ಅವು ಬಲಿಯುವವರೆಗೆ ಬಜಾರದಿಂದ ತಂದಳು. ಶಾಲೆಗೆ ಹೋಗುವ ಮೊದಲು ತಾನೇ ಕೊಯ್ದು ತಂದು, ನನ್ನ ಒಲೆಯ ಮುಂದೆ ಕುಳಿತು ಬೇಯಿಸಿ, ನಾನು ತಿಂದು ಮುಗಿಸುವವರೆಗೆ ಎದುರಿಗೇ ನಿಂತಿರುತ್ತಿದ್ದಳು. ಒಂದು ತುತ್ತು ಬಿಟ್ಟರೂ "ಪೂರ್ತಿ" ಎನ್ನುತ್ತಿದ್ದಳು.

ಓಣಿಯ ಹೆಂಗಸರಿಗೂ ಸುದ್ದಿ ಹೋಯಿತು. ಅಕ್ಕೋರು ಡಾಕ್ಟರ್ ಹೇಳಿದ ಪಥ್ಯ ಮಾಡಿಸಲಿಕತ್ತಾರಂತ ಎಂದು ಒಬ್ಬೊಬ್ಬರೇ ಬಂದರು. ಬಿಳಿ ಹೋಗುವವಳು ಬಂದಳು, ಸೊಂಟ ನೋವಿನವಳು ಬಂದಳು, ಮೂರು ಹೆಣ್ಣಾದ ಮೇಲೆ ಗಂಡು ಬೇಕೆನ್ನುವವಳೂ ಬಂದಳು. ಎಲ್ಲರಿಗೂ ಅಂಡಾಶಯದ ಪಾಠ, ಎಲ್ಲರಿಗೂ ಕೋಬಿ. ಅವಳ ಮನೆಯ ಕಟ್ಟೆಯ ಮೇಲೆ ಸಂಜೆ ಆರೇಳು ಹೆಂಗಸರು ಕುಳಿತು "ಅಂ-ಡಾ-ಶ-ಯ" ಎನ್ನುತ್ತಿದ್ದರು. ಶಾಲೆಯಲ್ಲಿ ಕಾಣದ ಕಳೆ ಅವಳ ಮುಖದ ಮೇಲೆ ಅಲ್ಲಿ ಕಾಣುತ್ತಿತ್ತು.

ಮಾರ್ಗಶಿರ ಕಳೆಯುವ ಹೊತ್ತಿಗೆ ನನ್ನ ಮುಟ್ಟು ನಿಂತಿತು. ಸಂಕ್ರಾಂತಿ ಬರುವಷ್ಟರಲ್ಲಿ ಹೊಟ್ಟೆ ಕೈಗೆ ಹತ್ತುವ ಹಾಗೆ ಉಬ್ಬಿತು. ಊಟದ ಮೇಲೆ ಮಲಗಿದರೆ ಒಳಗೆ ಏನೋ ಹರಿದಾಡುತ್ತಿತ್ತು. ಅದು ಕೋಬಿಯ ವಾಯು ಎಂದು ಈಗ ಹೇಳಬಲ್ಲೆ. ಆಗ ಅಂಗೈ ಇಟ್ಟುಕೊಂಡು ಗಂಟೆಗಟ್ಟಲೆ ಕೂತಿರುತ್ತಿದ್ದೆ... ಹೆಣ್ಣೇ ಆಗಲಿ ಎಂದುಕೊಳ್ಳುತ್ತಿದ್ದೆ. ಗಂಡ ಪಾಳಿ ಮುಗಿಸಿ ಬಂದವನು ಮಸಿ ಕೈ ತೊಳೆದು ಒರೆಸಿಕೊಂಡು, ಒಂದು ಬೆರಳಿನಿಂದ ಹೊಟ್ಟೆ ಮುಟ್ಟಿ ನೋಡುತ್ತಿದ್ದ. ಮಾತು ಕಡಿಮೆಯ ಮನುಷ್ಯ. "ಖರೇನೇನ?" ಎಂದಷ್ಟೇ ಕೇಳಿದ್ದ.

ಅಕ್ಕೋರಂತೂ ಕುಣಿಯುವುದೊಂದು ಬಾಕಿ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಶಾಲೆಗೆ ರಜೆ ಹಾಕಿ ಎಲ್ಲಿಗೋ ಹೋದಳು. ಸಂಜೆ ಬಂದವಳು ನನ್ನ ಮನೆಗೆ ಬರಲಿಲ್ಲ. ಮೈಗೆ ಹುಷಾರಿಲ್ಲ ಎಂದು ಬಾಗಿಲು ಹಾಕಿಕೊಂಡಳು. ಮರುದಿನ ಬೆಳಿಗ್ಗೆ ಎಂದಿನಂತೆ ಕೋಬಿ ತಂದಳು. ಅವತ್ತು ನಾನು ತಿನ್ನುವಾಗ ಎದುರಿಗೆ ನಿಲ್ಲಲಿಲ್ಲ. ನೀರು ಕುದಿಯಲು ಇಟ್ಟು, ಶಾಲೆಗೆ ಹೊತ್ತಾಯಿತು ಎಂದು ಹೊರಟುಹೋದಳು. ಆಮೇಲೆ ದಿನವೂ ಹಾಗೆಯೇ. ನನ್ನ ಹೊಟ್ಟೆಯ ಕಡೆಗೆ ಅವಳು ನೋಡುತ್ತಿರಲಿಲ್ಲ. ನನಗೆ ಅದು ಹೊಳೆಯಲಿಲ್ಲ, ದೃಷ್ಟಿಯಾದೀತೆಂದು ನೋಡುತ್ತಿಲ್ಲ ಎಂದೇ ತಿಳಿದಿದ್ದೆ.

ಶಿವರಾತ್ರಿಯ ಮುಂಚೆ ಚಿತ್ತಾಪುರದಿಂದ ಅತ್ತೆ ಬಂದರು. ನನ್ನ ಹೊಟ್ಟೆ ನೋಡಿ ಕಣ್ಣೀರು ಹಾಕಿಕೊಂಡರು. ಕೋಬಿಯ ಗಂಗಾಳ ನೋಡಿ ಮುಖ ಸಿಂಡರಿಸಿದರು.

"ಬಸರಿ ಹೆಣ್ಣಮಗಳು ಖಾರಿಲ್ದ ಉಪ್ಪಿಲ್ದ ಇದೇನ್ ತಿನ್ಲಿಕತ್ತಾಳ್ರಿ ಅಕ್ಕೋರ? ಬಾಯಿ ಸತ್ತು ಹೋಗ್ತದ ಪಾಪ."

"ಇನ್ನ ಸ್ವಲ್ಪ ದಿನ" ಎಂದಳು ಅಕ್ಕೋರು.

ನಮ್ಮ ಕಡೆ ದೊಡ್ಡ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಮೊದಲು ಕಳ್ಳ ಕುಬಸ ಎಂದು ಮಾಡುತ್ತಾರೆ. ಬಸಿರು ಇನ್ನೂ ಊರಿಗೆಲ್ಲ ಗೊತ್ತಾಗದ ಹೊತ್ತಿನಲ್ಲಿ ಮನೆಯೊಳಗೇ ಮಾಡುವ ಕಾರ್ಯ. ಕದ ಮುಚ್ಚಿ, ಹಸಿರು ಕುಬಸ ತೊಡಿಸಿ, ಹಸಿರು ಬಳೆ ಏರಿಸಿ, ಉಡಿ ತುಂಬುತ್ತಾರೆ. ಹೊರಗಿನವರನ್ನು ಕರೆಯುವುದಿಲ್ಲ. ಅತ್ತೆ ಕರೆದದ್ದು ಅಕ್ಕೋರನ್ನು ಮಾತ್ರ. "ಈ ಬಸರಿಗೆ ನೀವೇ ಕಾರಣ ಅದೀರಿ, ಮೊದಲ ಉಡಿ ನೀವೇ ತುಂಬ್ರಿ" ಎಂದು ಅವಳ ಕೈಗೆ ಅಕ್ಕಿ, ಕೊಬ್ಬರಿ ಬಟ್ಟಲು ಕೊಟ್ಟರು. ಮದುವೆಯಾಗದವಳು ಉಡಿ ತುಂಬಬಾರದು ಎಂದು ಅವಳು ಹಿಂದೆ ಸರಿದಳು. ಅತ್ತೆ ಬಿಡಲಿಲ್ಲ, "ಅವೆಲ್ಲ ನಾ ನೋಡಂಗಿಲ್ಲ" ಎಂದರು.

ತುಂಬಿದಳು. ಅಕ್ಕಿ ಸುರಿಯುವಾಗ ಅರ್ಧ ನೆಲದ ಮೇಲೆ ಚೆಲ್ಲಿತು. ಹಣೆಗೆ ಕುಂಕುಮ ಹಚ್ಚಿದಳು. ನಾನು ಬಗ್ಗಿ ಅವಳ ಕಾಲು ಮುಟ್ಟಿದೆ. ಅವಳು ನನ್ನನ್ನು ಎತ್ತಲಿಲ್ಲ, ಆಶೀರ್ವಾದವೂ ಮಾಡಲಿಲ್ಲ.

ಹೋಳಿ ಹುಣ್ಣಿಮೆಗೆ ಇನ್ನೂ ನಾಲ್ಕು ದಿನವಿತ್ತು. ಬೆಳಿಗ್ಗೆ ನಳದಿಂದ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡವಳಿಗೆ ಹೊಟ್ಟೆಯೊಳಗೆ ಹಿಡಿದು ತಿರುವಿದ ಹಾಗಾಯಿತು. ಕೊಡ ಬಿತ್ತು, ನಾನೂ ಬಿದ್ದೆ. ಬಸಿರು ಹೋಯಿತೆಂದು ಅತ್ತೆ ಬಾಯಿ ಬಡಿದುಕೊಂಡರು. ಗಂಡ ಶೆಡ್ಡಿನಿಂದ ಓಡಿ ಬಂದು, ಮುಂಬಯಿ ಕಡೆಯ ಗಾಡಿಗೆ ಹಾಕಿಕೊಂಡು ಗುಲಬರ್ಗಾದ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಅಕ್ಕೋರು ಅವತ್ತು ಶಾಲೆಗೆ ಹೋಗಿರಲಿಲ್ಲ. ಕಿಟಕಿಯಲ್ಲಿ ನಿಂತಿದ್ದಳು, ಹೊರಗೆ ಬರಲಿಲ್ಲ.

ಬಸಿರೇ ಇರಲಿಲ್ಲ ಎಂದು ಅಲ್ಲಿನ ಡಾಕ್ಟರು ಗಂಡನಿಗೆ ಹೇಳಿದರು. ಒಂದು ಬದಿಯ ಗಡ್ಡೆ ತಿರುಚಿಕೊಂಡು ಕಪ್ಪಾಗಿತ್ತಂತೆ. ಇನ್ನೊಂದು ಬದಿಯದು ಅಂಡಾಶಯವನ್ನು ಪೂರ್ತಿ ತಿಂದು ತೆಂಗಿನಕಾಯಿಯಷ್ಟಾಗಿತ್ತಂತೆ. ಎರಡೂ ತೆಗೆದರು. ಇಪ್ಪತ್ತು ತುಂಬಿರಲಿಲ್ಲ, ನನ್ನ ಮುಟ್ಟು ನಿಂತೇ ಹೋಯಿತು. ಮುದುಕಿಯರಿಗೆ ಬರುವ ಬಿಸಿ, ಬೆವರು ನನಗೆ ಆ ಬೇಸಿಗೆಯಲ್ಲಿಯೇ ಬಂದವು. ಹಸಿರು ಬಳೆಗಳನ್ನು ಆಸ್ಪತ್ರೆಯ ನರ್ಸು ಆಪರೇಷನ್ನಿಗೆ ಮುಂಚೆಯೇ ತೆಗೆಸಿದ್ದಳು. ಅವನ್ನು ವಾಪಸು ಕೇಳಲಿಲ್ಲ.

ಅಷ್ಟಾದರೂ ಅಕ್ಕೋರ ಮೇಲೆ ನನಗೆ ಸಿಟ್ಟಿರಲಿಲ್ಲ ಎಂದರೆ ನಂಬುವಿರಾ? ಪಾಪ, ಡಾಕ್ಟರು ಹೇಳಿದ್ದನ್ನು ತಾನೇ ಮಾಡಿಸಿದಳು ಎಂದುಕೊಂಡಿದ್ದೆ. ಸಿಟ್ಟಿದ್ದದ್ದು ಶಹಾಬಾದಿನ ಡಾಕ್ಟರ ಮೇಲೆ. ಹೊಟ್ಟೆಯ ಹೊಲಿಗೆ ಮಾಗಿದ ಮೇಲೆ ಗಂಡನನ್ನು ಕರೆದುಕೊಂಡು, ನಾಲ್ಕು ಮಾತು ಅಂದೇ ಬರುವೆನೆಂದು ಹೋದೆ. ಗರಗಸ ಅವತ್ತೂ ಕೂಗುತ್ತಿತ್ತು.

ಡಾಕ್ಟರು ನನ್ನ ಗುರುತು ಹಿಡಿದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಬೈಯಲು ಶುರುಮಾಡಿದರು.

"ಏನಮ್ಮಾ, ದೀಪಾವಳಿಗೇ ಗಡ್ಡೆ ತೆಗೆಸ್ಕೊಳ್ಳಿ ಅಂದಿದ್ದೆ. ಆಗಲೇ ಬಂದಿದ್ರೆ ಬರೀ ಗಡ್ಡೆ ತೆಗೆದು ಅಂಡಾಶಯ ಉಳಿಸಬಹುದಿತ್ತು. ಚೀಟಿ ಕೂಡ ಬರೆದುಕೊಟ್ಟಿದ್ದೆ."

ಕೋಬಿ ತಿನ್ನಿರಿ ಎಂದಷ್ಟೇ ಹೇಳಿದ್ದಿರಿ ಎಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ದನಿ ಇಳಿಸಿ ಹೇಳಿದರು.

"ನಿಮ್ಮ ಟೀಚರ್ ಬಂದಿದ್ರಲ್ಲಮ್ಮ, ಸಂಕ್ರಾಂತಿ ಆದ್ಮೇಲೆ. ಕೋಸು ತಿಂದು ಹುಡುಗಿ ಬಸುರಿ ಆಗಿದ್ದಾಳೆ ಅಂತ ಖುಷಿಯಾಗಿ ಹೇಳಿದ್ರು. ಗಡ್ಡೆ ತೆಗೆಸಿದ್ರಾ ಅಂತ ಕೇಳ್ದೆ. ಯಾವ ಗಡ್ಡೆ ಅಂದ್ರು. ಹೊಟ್ಟೇಲಿರೋ ಗಡ್ಡೆ ಕಣ್ರೀ, ಅದು ಬಸುರಲ್ಲ, ಕೂಡಲೇ ಕರ್ಕೊಂಡು ಬನ್ನಿ ಅಂತ ಹೇಳಿ ಕಳಿಸಿದ್ದೆ. ನಿಮಗೆ ಹೇಳಲಿಲ್ವಾ?"

ಗಂಡ ಕುರ್ಚಿಯಿಂದ ಎದ್ದು ಹೊರಗೆ ಹೋದ. ನಾನು ಕುಳಿತೇ ಇದ್ದೆ. ಸಂಕ್ರಾಂತಿ, ಆಮೇಲೆ ಶಿವರಾತ್ರಿ, ಆಮೇಲೆ ಹೋಳಿ. ಎರಡು ತಿಂಗಳು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಬೆಳಿಗ್ಗೆ ಕೋಬಿ ತಂದಳು. ಗೊತ್ತಿದ್ದೂ ನನ್ನ ಉಡಿ ತುಂಬಿದಳು.

ಏಕೆ ಹೇಳಲಿಲ್ಲ? ಐವತ್ತು ವರ್ಷ ಇದನ್ನೇ ಉಜ್ಜಿ ಉಜ್ಜಿ ನೋಡಿದ್ದೇನೆ. ನನ್ನ ಮೇಲೆ ಅವಳಿಗೆ ದ್ವೇಷವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಊರಿನವರ ಕನ್ನಡವನ್ನೆಲ್ಲ ತಿದ್ದಿದವಳು, ಕನ್ನಡದ ಒಂದು ಮಾತನ್ನು ತಪ್ಪಾಗಿ ಕೇಳಿಸಿಕೊಂಡಿದ್ದಳು. ಕಟ್ಟೆಯ ಮೇಲೆ ಕುಳಿತ ಹೆಂಗಸರ ಮುಂದೆ ಅದನ್ನು ಒಪ್ಪಿಕೊಳ್ಳಬೇಕಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡಿರಬೇಕು, ನಾಡಿದ್ದು ಹೇಳಿದರಾಯಿತು... ಇಷ್ಟೇ ಇದ್ದೀತು. ಇಷ್ಟಕ್ಕೇ ಎಂಬುದೇ ನನ್ನ ಹೊಟ್ಟೆ ಉರಿಸುತ್ತದೆ.

ವಾಡಿಗೆ ಬಂದವಳು ಸೀದಾ ಅವಳ ಮನೆಗೆ ಹೋದೆ. ಹಿತ್ತಲಲ್ಲಿದ್ದಳು. ಬಿಸಿಲಿಗೆ ಒಡೆದ ಕೋಬಿಗಳನ್ನು ಕಿತ್ತು ಹಾಕುತ್ತಿದ್ದಳು.

"ಅಕ್ಕೋರ, ಸಂಕ್ರಾಂತಿ ಆದ ಮ್ಯಾಲ ಶಹಾಬಾದ ದವಾಖಾನಿಗೆ ಹೋಗಿದ್ರೇನ್ರಿ?"

ಅವಳು ಎದ್ದು ನಿಂತಳು. ಕೈಯೆಲ್ಲ ಮಣ್ಣು. ಮುಖ ಬಿಳಿಚಿಕೊಂಡಿತ್ತು. ನನ್ನನ್ನು ನೋಡುತ್ತ, ಬಹಳ ಸಣ್ಣ ದನಿಯಲ್ಲಿ ಹೇಳಿದಳು:

"ಆಸ್ಪತ್ರೆ."

ತಿದ್ದಿದಳು. ಆ ಹೊತ್ತಿನಲ್ಲಿಯೂ ನನ್ನ ಮಾತನ್ನು ತಿದ್ದಿದಳು. ಬೇಕೆಂದು ಅಂದಳೋ, ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಬಂತೋ, ದೇವರಿಗೇ ಗೊತ್ತು. ಅವಳ ಕೆನ್ನೆಗೆ ಬಾರಿಸಬೇಕೆಂದು ಕೈ ಎತ್ತಿದೆ. ಹೊಲಿಗೆ ಎಳೆದು, ನೋವಿಗೆ ಕೈ ಕೆಳಗಿಳಿಯಿತು. ಅಲ್ಲಿಂದ ಬಂದುಬಿಟ್ಟೆ. ಮತ್ತೆ ಅವಳ ಜೊತೆ ಒಂದು ಮಾತೂ ಆಡಲಿಲ್ಲ. ಜೂನ್ ತಿಂಗಳಲ್ಲಿ ಅವಳು ವರ್ಗ ಮಾಡಿಸಿಕೊಂಡು ಹೋದಳು. ಓಣಿಯ ಹೆಂಗಸರು ಸ್ಟೇಷನ್ನಿನವರೆಗೆ ಹೋಗಿ ಅತ್ತು ಕಳಿಸಿ ಬಂದರು. ನಾನು ಯಾರಿಗೂ ಏನೂ ಹೇಳಲಿಲ್ಲ. ಹೇಳಿದ್ದರೆ ಬಂಜೆ ಎನ್ನುವುದರ ಜೊತೆಗೆ ಹುಚ್ಚಿ ಎಂದೂ ಅನ್ನುತ್ತಿದ್ದರು.

ಹತ್ತು ಹನ್ನೆರಡು ವರ್ಷಗಳ ಮೇಲೆ ವಾಡಿಯ ಹಳೆಯ ನೆರೆಯವಳೊಬ್ಬಳು, ಅಷ್ಟರಲ್ಲಿ ಸೇಡಂಗೆ ಬಂದಿದ್ದ ನನ್ನನ್ನು ಹುಡುಕಿಕೊಂಡು ಬಂದಳು. ಅಕ್ಕೋರು ಚಿತ್ತಾಪುರದ ಶಾಲೆಗೆ ಬಂದಿದ್ದಳಂತೆ, ಈಗ ಹಾಸಿಗೆ ಹಿಡಿದಿದ್ದಾಳಂತೆ.

"ಒಮ್ಮಿ ಬಂದು ಹೋಗ್ಬೇಕಂತವ್ವಾ. ನಿನಗ ಒಂದು ಮಾತು ಹೇಳೋದದ ಅಂತ, ಅದನ್ನೇ ಕನವರಿಸ್ಲಿಕತ್ತಾರ."

"ಹೇಳೋ ಹೊತ್ತಿನಾಗ ಹೇಳ್ಬೇಕಿತ್ತು ಅಂತ ಹೇಳು" ಎಂದೆ.

ಹೋಗಲಿಲ್ಲ. ಚಿತ್ತಾಪುರವೇನು ಪರದೇಶವಲ್ಲ, ಅತ್ತೆಯ ಊರು, ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದ ಊರು. ಹದಿನೈದು ದಿನದಲ್ಲಿ ಅವಳು ಸತ್ತ ಸುದ್ದಿ ಬಂತು. ರೊಟ್ಟಿ ಬಡಿಯುತ್ತಿದ್ದೆ, ಬಡಿಯುತ್ತಲೇ ಇದ್ದೆ. ಪಶ್ಚಾತ್ತಾಪವಿಲ್ಲ. ಇಲ್ಲ ಎಂದೇ ಹೇಳಿಕೊಂಡು ಬಂದಿದ್ದೇನೆ.

ಮೊನ್ನೆ ಮೇಲಿನ ಮನೆಯ ಹುಡುಗಿಯ ಗ್ಯಾಸನ್ನು ನಾನೇ ಆರಿಸಿದೆ. ಕೋಬಿ ತಿನ್ನಬೇಡ ಎನ್ನಲಿಲ್ಲ. ತರಕಾರಿಯದೇನು ತಪ್ಪು, ತಿಂದರೆ ಒಳ್ಳೆಯದೇ ಇದ್ದೀತು. "ಉಪ್ಪು ಖಾರ ಹಾಕ್ಕೊಂಡು ರುಚಿಯಾಗಿ ತಿನ್ನು, ಆದ್ರ ಮೊದ್ಲ ಡಾಕ್ಟರ್ ಕಡಿ ನಡಿ" ಎಂದೆ. ಬರುವ ಸೋಮವಾರ ಕಲಬುರಗಿಗೆ ಸ್ಕ್ಯಾನ್ ಮಾಡಿಸಲು ಹೋಗುವುದೆಂದು ಗೊತ್ತಾಗಿದೆ.

"ನೀವೂ ಒಳಗ ಬರ್ರಿ ಅಜ್ಜಿ. ನಂಗ ಡಾಕ್ಟರ ಮುಂದ ಬಾಯೇ ಬರಂಗಿಲ್ಲ. ನೀವೇ ಕೇಳ್ಕೊಂಡು ನಂಗ ಹೇಳ್ರಿ" ಎಂದಳು.

"ಬರ್ತೀನಿ, ಹೊರಗ ಕುಂದರ್ತೀನಿ. ಒಳಗ ನೀನೇ ಹೋಗು. ತಿಳೀಲಿಲ್ಲಂದ್ರ ಇನ್ನೊಮ್ಮೆ ಹೇಳ್ರಿ ಅನ್ನು. ಹತ್ತು ಸಲ ಅನ್ನು. ಬೈದ್ರ ಬೈಲಿ."

ಕೆಳಗೆ ಬಂದು ಮೊರ ತೊಡೆಯ ಮೇಲೆ ಇಟ್ಟುಕೊಂಡು ಮತ್ತೆ ಜೋಳ ಹಸನು ಮಾಡಲು ಕುಳಿತೆ. ಎಪ್ಪತ್ತು ದಾಟಿದೆ ನನಗೆ. ಅತ್ತೆ ಹೋದರು, ಗಂಡ ಹೋದ. ಅವಳು ಚಿತ್ತಾಪುರದಲ್ಲಿ ನನಗೆ ಹೇಳಬೇಕೆಂದಿದ್ದ ಮಾತು ಯಾವುದೆಂದು ನನಗೆ ಗೊತ್ತಿದೆ. ಆ ಮಾತು ನನಗೆ ಬೇಕಾಗಿದ್ದದ್ದು ಸಂಕ್ರಾಂತಿ ಕಳೆದ ಆ ಸಂಜೆ. ಗಾಡಿಯಿಂದ ಇಳಿದು ಸೀದಾ ನನ್ನ ಮನೆಗೆ ಬಂದು, "ತಂಗಿ, ನಾನೇ ತಪ್ಪ ಕೇಳಿಸ್ಕೊಂಡೀನಿ" ಎಂದಿದ್ದರೆ ನಾನು ಸಿಟ್ಟಾಗುತ್ತಿರಲಿಲ್ಲ. ದೇವರಾಣೆ ಆಗುತ್ತಿರಲಿಲ್ಲ. ಮೊದಲು ಅಳುತ್ತಿದ್ದೆ, ಆಮೇಲೆ ಗಡ್ಡೆಕೋಸು ನೆನೆಸಿಕೊಂಡು ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಮರುದಿನ ಅವಳೇ ನನ್ನ ಕೈ ಹಿಡಿದು ಗುಲಬರ್ಗಾಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಐದಾರು ವರ್ಷಗಳ ಮೇಲೆ, ಅದೇ ಕಟ್ಟೆಯ ಮೇಲೆ ನನ್ನ ಮಗಳನ್ನು ಕೂರಿಸಿಕೊಂಡು ಅಕ್ಷರ ತೀಡಿಸುವವಳೂ ಅವಳೇ ಆಗಿರುತ್ತಿದ್ದಳು.